ಬಬಲ್ ಸಿಪ್ಯಾಪ್ ಕೊಳ್ಳುವ ಮುಂಚೆ: ಪ್ರಾಂಗ್ಸ್ ಮೊದಲು, ಸ್ಕ್ರೀನ್ ಆಮೇಲೆ

ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ನಾನು ಸ್ಟಾಫ್ ನರ್ಸ್. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಬಬಲ್ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಾಧನ) ಹಾಕುವುದು, ಪಕ್ಕದಲ್ಲಿ ನಿಂತು ಕಾಯುವುದು, ಸುಧಾರಿಸಿದ ಮೇಲೆ ಬಿಡಿಸುವುದು ನಮ್ಮ ನಿತ್ಯದ ಕೆಲಸ. ಚಿಕ್ಕ ನರ್ಸಿಂಗ್ ಹೋಂ ನಡೆಸುವ ಡಾಕ್ಟರುಗಳು, ತಾಲ್ಲೂಕು ಆಸ್ಪತ್ರೆಗೆ ಏನಾದರೂ ದಾನ ಕೊಡೋಣ ಅಂತ ಹಣ ಕೂಡಿಸಿದ ಸಂಘದವರು, "ಯಾವ ಮೆಷಿನ್ ತಗೊಂಡ್ರೆ ಒಳ್ಳೇದು ಸಿಸ್ಟರ್?" ಅಂತ ಕೇಳುತ್ತಲೇ ಇರುತ್ತಾರೆ. ಕಂಪನಿಯ ಬ್ರೋಷರ್‌ನಲ್ಲಿ ಸ್ಕ್ರೀನ್ ಎಷ್ಟು ದೊಡ್ಡದು, ಅಲಾರಂ ಎಷ್ಟು ಬಗೆ ಅನ್ನುವುದೆಲ್ಲ ಇರುತ್ತದೆ. ರಾತ್ರಿ ಪಾಳಿಯಲ್ಲಿ ಅದನ್ನು ಬಳಸುವವರು ತಿಳಿಯಬೇಕಾದ ವಿಷಯ ಮಾತ್ರ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದು ಒಂದು ಕಂಪನಿಯ ರಿವ್ಯೂ ಅಲ್ಲ, ಬಬಲ್ ಸಿಪ್ಯಾಪ್ ಅನ್ನುವ ಸಾಧನದ್ದು.

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಮೂಗಿಗೆ ಆಗುವ ಗಾಯಕ್ಕೆ. ಆದರೆ ಈ ಅಂಕ ಪೂರ್ತಿ ಸೆಟ್‌ಗೆ ಮಾತ್ರ. ಮೂಗಿನ ಹೊಳ್ಳೆಗೆ ಕೂರುವ ಎಲ್ಲ ಅಳತೆಯ ಪ್ರಾಂಗ್ಸ್, ತಲೆಗೆ ಕೂರುವ ಟೋಪಿ, ಗಾಳಿ-ಆಕ್ಸಿಜನ್ ಬೆರೆಸುವ ಬ್ಲೆಂಡರ್, ಬಿಸಿ ಹ್ಯುಮಿಡಿಫೈಯರ್ ಇಷ್ಟೂ ಇರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ನನ್ನ ಅಂಕ ಅರ್ಧಕ್ಕೆ ಇಳಿಯುತ್ತದೆ.

ಏನು ಮಾಡುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸಿಪ್ಯಾಪ್ ಮಗುವಿನ ಬದಲು ಉಸಿರಾಡುವುದಿಲ್ಲ. ಉಸಿರಾಡುವುದು ಮಗುವೇ. ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳ ಒಳಗೆ, ಅವು ಅಂಟಿಕೊಳ್ಳದ ಹಾಗೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಪದಾರ್ಥ ಇರುತ್ತದೆ, ಅದು ಸಾಕಷ್ಟು ತಯಾರಾಗುವುದು ಬಸಿರಿನ 34-35 ವಾರದ ಹೊತ್ತಿಗೆ. ಅದಕ್ಕಿಂತ ಮೊದಲೇ ಹುಟ್ಟಿದ ಮಗು ಉಸಿರು ಹೊರಬಿಟ್ಟಾಗಲೆಲ್ಲ ಆ ಚೀಲಗಳು ಮುಚ್ಚಿಕೊಂಡು, ಒದ್ದೆಯಾದ ಪ್ಲಾಸ್ಟಿಕ್ ಕವರ್‌ನ ಎರಡು ಮುಖ ಅಂಟಿಕೊಂಡ ಹಾಗೆ ಅಂಟಿಕೊಳ್ಳುತ್ತವೆ. ಪ್ರತಿ ಸಲವೂ ಮತ್ತೆ ಬಿಡಿಸಬೇಕು. ಒಂದು ಕೆಜಿ ತೂಕದ ಮಗುವಿಗೆ ಎಷ್ಟು ಹೊತ್ತು ಆ ಶಕ್ತಿ ಇರುತ್ತದೆ? ಎದೆಗೂಡು ಒಳಕ್ಕೆ ಸೆಳೆಯಲು ಶುರುವಾಗುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಬಿಡುವಾಗೆಲ್ಲ ನರಳುವ ಸದ್ದು ಬರುತ್ತದೆ. ಈ ನರಳಿಕೆಯನ್ನು ಮನೆಯವರು ನೋವು ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಮಗು ಗಂಟಲನ್ನು ಅರ್ಧ ಮುಚ್ಚಿ ಗಾಳಿಯನ್ನು ಒಳಗೇ ಹಿಡಿದಿಟ್ಟುಕೊಳ್ಳಲು ಮಾಡುವ ಪ್ರಯತ್ನ. ಸಿಪ್ಯಾಪ್ ಮಾಡುವುದೂ ಅದೇ ಕೆಲಸ. ಮೂಗಿನ ಮೂಲಕ ಒಂದೇ ಸಮ ಒತ್ತಡದ ಗಾಳಿ ಕೊಟ್ಟು, ಚೀಲಗಳು ಪೂರ್ತಿ ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಗಂಟಲಿಗೆ ನಳಿಕೆ ಇಳಿಸುವ ಅಗತ್ಯ ಇಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಒತ್ತಡ ಹುಟ್ಟಿಸುವ ರೀತಿ. ಬ್ಲೆಂಡರ್‌ನಿಂದ ಬಂದ ಗಾಳಿ ಹ್ಯುಮಿಡಿಫೈಯರ್‌ನಲ್ಲಿ ಬಿಸಿಯಾಗಿ, ತೇವವಾಗಿ ಮಗುವಿನ ಮೂಗಿಗೆ ಹೋಗುತ್ತದೆ. ಅಲ್ಲಿಂದ ಹೊರಬರುವ ಪೈಪಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿರುತ್ತೇವೆ. ನೀರಿನೊಳಗೆ 5 ಸೆಂಟಿಮೀಟರ್ ಮುಳುಗಿಸಿದರೆ ಒತ್ತಡ 5 ಸೆಂಟಿಮೀಟರ್, 6 ಮುಳುಗಿಸಿದರೆ 6. ಸಾಮಾನ್ಯವಾಗಿ 5ರಿಂದ 6ರಲ್ಲಿ ಶುರು ಮಾಡುತ್ತೇವೆ. ಕೆಟ್ಟು ನಿಲ್ಲಲು ಅಲ್ಲಿ ಸೆನ್ಸರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಗುಳ್ಳೆ ಏಳುವುದು ಕಣ್ಣಿಗೆ ಕಾಣುತ್ತದೆ, ಸದ್ದು ಕಿವಿಗೆ ಕೇಳುತ್ತದೆ. ಇನ್ನೊಂದು ಮಗುವಿಗೆ ಹಾಲು ಕೊಡುತ್ತಾ ಬೆನ್ನು ತಿರುಗಿಸಿ ನಿಂತಿದ್ದರೂ, ಗುಳುಗುಳು ನಿಂತ ತಕ್ಷಣ ನಮ್ಮ ಕಿವಿ ನೆಟ್ಟಗಾಗುತ್ತದೆ. ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಮಗು ಬಾಯಿ ತೆರೆದಿರಬಹುದು, ಪ್ರಾಂಗ್ಸ್ ಜಾರಿರಬಹುದು, ಪೈಪ್ ಕಳಚಿರಬಹುದು.

ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಇಲ್ಲೊಂದು ಮಾತು ಒತ್ತಿ ಹೇಳುತ್ತೇನೆ. ಗುಳ್ಳೆ ನಿಂತರೆ ತೊಂದರೆ ಅನ್ನುವುದು ನಿಜ, ಆದರೆ ಗುಳ್ಳೆ ಬರುತ್ತಿದೆ ಅಂದರೆ ಎಲ್ಲ ಸರಿಯಿದೆ ಅಂತಲ್ಲ. ಪ್ರಾಂಗ್ಸ್ ಸಿಂಬಳದಿಂದ ಕಟ್ಟಿಕೊಂಡಿದ್ದರೂ, ಮೂಗಿನ ಗೋಡೆಗೆ ಒತ್ತಿ ಮುಚ್ಚಿಹೋಗಿದ್ದರೂ, ಗಾಳಿ ಸೀದಾ ಬಾಟಲಿಗೆ ಹೋಗಿ ಚೆನ್ನಾಗಿಯೇ ಗುಳ್ಳೆ ಏಳುತ್ತದೆ. ಮಗುವಿಗೆ ಮಾತ್ರ ಏನೂ ಸಿಗುತ್ತಿರುವುದಿಲ್ಲ. ಬಾಟಲಿ ನೋಡಿ ಮುಂದೆ ಹೋಗಬೇಡಿ, ಮಗುವಿನ ಎದೆ ನೋಡಿ.

ಇನ್ನು ಪ್ರಾಂಗ್ಸ್ ವಿಷಯ. ಈ ರಿವ್ಯೂ ಓದಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪ್ರಾಂಗ್ಸ್ ಅಂದರೆ ಎರಡು ಹೊಳ್ಳೆಯೊಳಗೆ ಕೂರುವ ಮೆತ್ತನೆಯ ಪುಟ್ಟ ಕೊಳವೆಗಳು. ಅಳತೆ ಸಣ್ಣದಾದರೆ ಗಾಳಿ ಪಕ್ಕದಿಂದ ಸೋರಿ ಒತ್ತಡ ನಿಲ್ಲುವುದಿಲ್ಲ. ಸೋರುತ್ತಿದೆ ಅಂತ ಒಳಕ್ಕೆ ಒತ್ತಿ ಕಟ್ಟಿದರೆ ಎರಡು ಹೊಳ್ಳೆಯ ನಡುವಿನ ಗೋಡೆ ನಲುಗುತ್ತದೆ. ದೊಡ್ಡದಾದರೆ ಹೊಳ್ಳೆಯ ಅಂಚು ಬಿಳಿಚಿಕೊಳ್ಳುತ್ತದೆ, ಅಂದರೆ ಅಲ್ಲಿ ರಕ್ತ ಓಡುತ್ತಿಲ್ಲ. ಸರಿಯಾದ ಅಳತೆಯದು ಹೊಳ್ಳೆಯನ್ನು ತುಂಬುತ್ತದೆ, ಬಿಳಿಚಿಸುವುದಿಲ್ಲ. ಪ್ರಾಂಗ್ಸ್‌ನ ಬುಡಕ್ಕೂ ಮೂಗಿನ ನಡುಗೋಡೆಗೂ ಮಧ್ಯೆ ಸುಮಾರು 2 ಮಿಲಿಮೀಟರ್ ಜಾಗ ಬಿಟ್ಟಿರಬೇಕು. ಆ ಜಾಗ ಉಳಿಯುವುದು ಟೋಪಿ ಸರಿಯಾಗಿ ಕೂತಿದ್ದರೆ ಮಾತ್ರ, ಏಕೆಂದರೆ ಪೈಪುಗಳ ಭಾರವೆಲ್ಲ ಟೋಪಿಯ ಮೇಲೇ ಇರುತ್ತದೆ. ಟೋಪಿ ಹುಬ್ಬಿನ ಸ್ವಲ್ಪ ಮೇಲಿನವರೆಗೆ, ಕಿವಿ ಮುಚ್ಚುವಷ್ಟು ಬರಬೇಕು. ಸಡಿಲವಾದರೆ ಮಗು ತಲೆ ತಿರುಗಿಸಿದಾಗೆಲ್ಲ ಪ್ರಾಂಗ್ಸ್ ಮೂಗನ್ನು ಜಗ್ಗುತ್ತದೆ.

ಒಂದು ಮಗುವಿನ ಕತೆ ಹೇಳುತ್ತೇನೆ. ತೂಕ ಒಂದು ಕೆಜಿ ಚಿಲ್ಲರೆ. ಬೇರೆ ಕಡೆಯಿಂದ ಸಿಪ್ಯಾಪ್ ಹಾಕಿಸಿಕೊಂಡೇ ಬಂದಿತ್ತು. ಒತ್ತಡ 7ಕ್ಕೆ ಏರಿಸಿದ್ದರು, ಆಕ್ಸಿಜನ್ ಜಾಸ್ತಿ ಮಾಡಿದ್ದರು, ಆದರೂ ಎದೆ ಸೆಳೆಯುತ್ತಲೇ ಇತ್ತು. ಇನ್ನು ನಳಿಕೆ ಇಳಿಸಿ ವೆಂಟಿಲೇಟರ್‌ಗೇ ಹಾಕಬೇಕು ಅನ್ನುವ ಮಾತು ನಡೆಯುತ್ತಿತ್ತು. ನೋಡಿದರೆ ಪ್ರಾಂಗ್ಸ್ ಹೊಳ್ಳೆಯೊಳಗೆ ಆಚೀಚೆ ಆಡುತ್ತಿತ್ತು, ಟೋಪಿ ಜಾರಿ ಹುಬ್ಬು ಬಿಟ್ಟು ಮೇಲೆ ಹೋಗಿತ್ತು. ಮೂಗಿಗೆ ಎರಡು ಹನಿ ಸಲೈನ್ ಬಿಟ್ಟು, ಸಿಂಬಳ ತೆಗೆದು, ಒಂದು ಅಳತೆ ದೊಡ್ಡ ಪ್ರಾಂಗ್ಸ್ ಹಾಕಿ, ಕುತ್ತಿಗೆ ಕೆಳಗೆ ಸಣ್ಣ ಬಟ್ಟೆಯ ಸುರುಳಿ ಇಟ್ಟು ನೇರ ಮಾಡಿದೆವು. ಬಾಟಲಿ ಮಾತಾಡತೊಡಗಿತು. ಸ್ವಲ್ಪ ಹೊತ್ತಿಗೆ ನರಳುವುದು ನಿಂತಿತು, ಆಮೇಲೆ ಆಕ್ಸಿಜನ್ ಇಳಿಸುತ್ತಾ ಬಂದೆವು. ಮೆಷಿನ್ ಅದೇ, ಮಗು ಅದೇ. ಬದಲಾದದ್ದು ಪ್ರಾಂಗ್ಸ್ ಮತ್ತು ಟೋಪಿ.

ಕೊಳ್ಳುವವರು ಇದನ್ನೇ ಮರೆಯುತ್ತಾರೆ ಅನ್ನುವುದು ನನ್ನ ದೊಡ್ಡ ದೂರು. ನಾನು ನೋಡಿದ ಒಂದು ಆಸ್ಪತ್ರೆಗೆ ದಾನವಾಗಿ ಬಂದ ಒಳ್ಳೆಯ ಮೆಷಿನ್ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಜೊತೆಗೆ ಬಂದ ಪ್ರಾಂಗ್ಸ್ ಮುಗಿದಿತ್ತು, ಬೇರೆ ಕಂಪನಿಯದ್ದು ಆ ಪೈಪಿಗೆ ಕೂರುವುದಿಲ್ಲ, ಡೀಲರ್ ಫೋನ್ ಎತ್ತುವುದಿಲ್ಲ. ಮೆಷಿನ್‌ಗೆ ಹಣ ಕೊಡುವವರು ಸಿಗುತ್ತಾರೆ, ಬೋರ್ಡ್ ಹಾಕಿ ಫೋಟೋ ತೆಗೆಸುತ್ತಾರೆ. ಪ್ರಾಂಗ್ಸ್‌ಗೆ ಹಣ ಕೊಡುವವರು ಸಿಗುವುದು ಕಷ್ಟ. ದಯವಿಟ್ಟು ಪ್ರಾಂಗ್ಸ್‌ಗೂ ಕೊಡಿ.

ಗಾಯದ ಬಗ್ಗೆ ಅರ್ಧ ಸ್ಟಾರ್ ಕಳೆದೆ ಅಂದೆನಲ್ಲ. ಎಷ್ಟು ಜೋಪಾನ ಮಾಡಿದರೂ ಬಹಳ ಚಿಕ್ಕ ಮಕ್ಕಳ ಮೂಗು ಕೆಂಪಾಗುತ್ತದೆ, ಕೆಲವರಿಗೆ ಚರ್ಮ ಕಿತ್ತುಬರುತ್ತದೆ. ತೀರಾ ಕಡೆಗಣಿಸಿದರೆ ನಡುಗೋಡೆಯೇ ಹಾಳಾಗುತ್ತದೆ. ಮೂಗಿನ ಮೇಲೆ ಹೈಡ್ರೋಕೊಲಾಯ್ಡ್ (ಚರ್ಮ ಕಾಯುವ ಮೆತ್ತನೆಯ ಅಂಟುಪಟ್ಟಿ) ತುಂಡು ಕತ್ತರಿಸಿ ಅಂಟಿಸುವುದು, ಪ್ರಾಂಗ್ಸ್ ಮತ್ತು ಮೂಗಿನ ಮಾಸ್ಕನ್ನು ಸರದಿಯ ಮೇಲೆ ಬದಲಾಯಿಸುವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಸೆಟ್ಟಿನಲ್ಲಿ ಮಾಸ್ಕ್ ಕೂಡ ಇದೆಯಾ ಅಂತ ಕೇಳಿ. ಇನ್ನೊಂದು ತೊಂದರೆ ಹೊಟ್ಟೆ ಉಬ್ಬರ. ಗಾಳಿ ಹೊಟ್ಟೆಗೂ ಹೋಗುತ್ತದೆ, ಅದಕ್ಕೆ ಬಾಯಿಯಿಂದ ಒಂದು ಟ್ಯೂಬ್ ಇಳಿಸಿ ತುದಿ ತೆರೆದಿಡುತ್ತೇವೆ. ಹೊಟ್ಟೆ ದಪ್ಪ ಕಂಡು ಮನೆಯವರು ಗಾಬರಿಯಾಗುವುದು ಸಹಜ, ಹೆಚ್ಚಿನ ಸಲ ಅದು ಬರೀ ಗಾಳಿ.

ಬ್ಲೆಂಡರ್ ಬಗ್ಗೆ ನನ್ನದು ಹಟ. ನೀರಿನ ಬಾಟಲಿ ಮತ್ತು ಆಕ್ಸಿಜನ್ ಸಿಲಿಂಡರ್ ಜೋಡಿಸಿ ಕೈಯಲ್ಲೇ ಸಿಪ್ಯಾಪ್ ಮಾಡಬಹುದು, ಬೇರೇನೂ ಇಲ್ಲದ ಕಡೆ ಅದರಿಂದ ಜೀವ ಉಳಿದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಮಗುವಿಗೆ ಹೋಗುವುದು ಶುದ್ಧ ಆಕ್ಸಿಜನ್. ನಾವು ಉಸಿರಾಡುವ ಗಾಳಿಯಲ್ಲಿ ಇರುವುದು 21 ಪರ್ಸೆಂಟ್, ಸಿಪ್ಯಾಪ್ ಮೇಲಿರುವ ಎಷ್ಟೋ ಮಕ್ಕಳಿಗೆ 21ರಿಂದ 30 ಸಾಕಾಗುತ್ತದೆ. ಆಕ್ಸಿಜನ್ ಕೊಡುತ್ತಿರುವಾಗ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 90ರಿಂದ 95ರ ಒಳಗೆ ಇಡುತ್ತೇವೆ. 99, 100 ಅಂತ ತೋರಿಸುತ್ತಿದ್ದರೆ ಖುಷಿ ಪಡುವುದಲ್ಲ, ಆಕ್ಸಿಜನ್ ಇಳಿಸಬೇಕು. ಹೆಚ್ಚಾದ ಆಕ್ಸಿಜನ್ ಕಣ್ಣಿನ ರೆಟಿನಾದ ರಕ್ತನಾಳಗಳನ್ನು ಕೆಡಿಸುತ್ತದೆ. ಆರ್‌ಒಪಿ ಅನ್ನುವುದು ಇದನ್ನೇ, ಮಗು ಕುರುಡಾಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹಿಡಿದು ಜಿಲ್ಲೆಗಳ ಆಸ್ಪತ್ರೆಗೆ ಬಂದು, ಮಕ್ಕಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ತೋರಿಸುತ್ತಾರೆ. ಕರ್ನಾಟಕದಲ್ಲಿ ಇಂಥದ್ದು ಇಷ್ಟು ಬೇಗ ಶುರುವಾಯಿತು ಅನ್ನುವುದು ಹೆಮ್ಮೆಯ ವಿಷಯ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿಗೆ ತಿಂಗಳೊಳಗೆ, ತೀರಾ ಚಿಕ್ಕವಕ್ಕೆ ಇನ್ನೂ ಬೇಗ, ಕಣ್ಣಿನ ಪರೀಕ್ಷೆ ಆಗಲೇಬೇಕು. ಡಿಸ್ಚಾರ್ಜ್ ಆಗಿ ಮನೆಗೆ ಹೋದವರು ನಾಮಕರಣದ ಗಡಿಬಿಡಿಯಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಹ್ಯುಮಿಡಿಫೈಯರ್ ಇಲ್ಲದೆ ಒಣ ತಣ್ಣನೆ ಗಾಳಿ ಕೊಟ್ಟರೆ ಮೂಗು ಒಣಗಿ ಸಿಂಬಳ ಗಟ್ಟಿಯಾಗುತ್ತದೆ, ಮಗುವಿನ ಮೈಯೂ ತಣ್ಣಗಾಗುತ್ತದೆ. ಗಾಳಿ 37 ಡಿಗ್ರಿಗೆ ಬಿಸಿಯಾಗಿ ತೇವದಿಂದ ತುಂಬಿರಬೇಕು. ಚೇಂಬರ್‌ನಲ್ಲಿ ನೀರು ಮುಗಿದಿದೆಯಾ ನೋಡುತ್ತಿರಬೇಕು. ಹೀಟರ್ ವೈರ್ ಇರುವ ಪೈಪ್ ಆದರೆ ಒಳಗೆ ನೀರು ನಿಲ್ಲುವುದು ಕಡಿಮೆ. ಸಾದಾ ಪೈಪ್ ಆದರೆ ಆಗಾಗ ನೀರು ಚೆಲ್ಲುತ್ತಿರಬೇಕು, ಇಲ್ಲದಿದ್ದರೆ ಹೊರಹೋಗುವ ಪೈಪಿನಲ್ಲಿ ನೀರು ಕಟ್ಟಿ ನಾವು ಇಟ್ಟದ್ದಕ್ಕಿಂತ ಒತ್ತಡ ಜಾಸ್ತಿಯಾಗುತ್ತದೆ.

ಕರೆಂಟ್ ವಿಷಯ ನಮ್ಮ ಕಡೆ ಮುಖ್ಯ ಅಲ್ವಾ. ಆಸ್ಪತ್ರೆಯಲ್ಲಿ ಆಕ್ಸಿಜನ್ ಜೊತೆಗೆ ಒತ್ತಡದ ಗಾಳಿಯ ಪೈಪ್‌ಲೈನ್ ಇದ್ದರೆ ಕರೆಂಟ್ ಹೋದರೂ ಗುಳ್ಳೆ ನಿಲ್ಲುವುದಿಲ್ಲ, ಹ್ಯುಮಿಡಿಫೈಯರ್ ಮಾತ್ರ ಆರುತ್ತದೆ. ಪೈಪ್‌ಲೈನ್ ಇಲ್ಲದ ಕಡೆ ಒಳಗೇ ಕಂಪ್ರೆಸರ್ ಇರುವ ಮೆಷಿನ್ ಬೇಕು, ಅದು ಕರೆಂಟ್ ಹೋದರೆ ನಿಲ್ಲುತ್ತದೆ. ಯುಪಿಎಸ್‌ಗೆ ಹಣ ಇಟ್ಟುಕೊಂಡೇ ಕೊಳ್ಳಿ. ಕಂಪ್ರೆಸರ್ ಸದ್ದನ್ನೂ ಡೆಮೊದಲ್ಲೇ ಕೇಳಿಸಿಕೊಳ್ಳಿ, ಕೆಲವು ವಿಪರೀತ ಗಲಾಟೆ. ಮಲಗಿರುವುದು ಇನ್ನೂ ಹೊಟ್ಟೆಯೊಳಗೆ ಇರಬೇಕಾಗಿದ್ದ ಮಗು.

ಇದಕ್ಕಿಂತ ಹೊಸದು ಬಂದಿಲ್ಲವಾ ಅಂತ ಕೇಳುತ್ತಾರೆ. ಬಂದಿದೆ. ಹೈ ಫ್ಲೋ ಅಂದರೆ ಎಚ್‌ಎಫ್‌ಎನ್‌ಸಿ, ಮೂಗಿನಲ್ಲಿ ಸಡಿಲವಾಗಿ ಕೂರುವ ಸಣ್ಣ ಕೊಳವೆಯಿಂದ ಜೋರಾಗಿ ಗಾಳಿ ಹರಿಸುವುದು. ಹಾಕುವುದು ಸುಲಭ, ಮೂಗಿಗೆ ಗಾಯ ಕಡಿಮೆ, ತಾಯಂದಿರಿಗೂ ಮಗುವಿನ ಮುಖ ಕಾಣುತ್ತದೆ ಅಂತ ಸಮಾಧಾನ. ನನಗೂ ಇಷ್ಟ. ಆದರೆ ಉಸಿರಾಟದ ತೊಂದರೆ ಶುರುವಾದ ಮೊದಲ ಗಂಟೆಗಳಿಗೆ ನಾನು ಸಿಪ್ಯಾಪ್ ಕಡೆಗೇ. ಆಸ್ಟ್ರೇಲಿಯಾ ಮತ್ತು ನಾರ್ವೆಯಲ್ಲಿ 28 ವಾರ ದಾಟಿದ 564 ಮಕ್ಕಳ ಮೇಲೆ ಇವೆರಡನ್ನೂ ಹೋಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಚಿಕಿತ್ಸೆಯಾಗಿ ಹೈ ಫ್ಲೋ ಸೋತದ್ದು 25.5 ಪರ್ಸೆಂಟ್ ಮಕ್ಕಳಲ್ಲಿ, ಸಿಪ್ಯಾಪ್ 13.3 ಪರ್ಸೆಂಟ್‌ನಲ್ಲಿ. ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಹೈ ಫ್ಲೋ ಸೋತ ಎಷ್ಟೋ ಮಕ್ಕಳನ್ನು ಆಮೇಲೆ ಸಿಪ್ಯಾಪ್ ಹಾಕಿ ವೆಂಟಿಲೇಟರ್ ತಪ್ಪಿಸಿದರು ಅನ್ನುವುದೂ ನಿಜ. ಅಂದರೆ ಹೈ ಫ್ಲೋ ಮಾತ್ರ ಇಟ್ಟುಕೊಂಡು ಸಿಪ್ಯಾಪ್ ಇಲ್ಲದೆ ಇರುವುದು ಸರಿಯಲ್ಲ. ವೆಂಟಿಲೇಟರ್‌ನಿಂದಲೂ ಸಿಪ್ಯಾಪ್ ಕೊಡಬಹುದು, ಕೆಲಸ ಚೆನ್ನಾಗಿಯೇ ಆಗುತ್ತದೆ, ಆದರೆ ಅಷ್ಟು ದುಬಾರಿ ಮೆಷಿನ್ ಅದಕ್ಕೆ ಕಟ್ಟಿಹಾಕಿದರೆ ನಿಜಕ್ಕೂ ಬೇಕಾದ ಮಗು ಬಂದಾಗ ಏನು ಮಾಡುವುದು?

ಬೆಂಗಳೂರಿನಲ್ಲೇ ಹುಟ್ಟಿದ ‘ಸಾನ್ಸ್’ ಅನ್ನುವ ಸಾಧನದ ಬಗ್ಗೆಯೂ ಹೇಳಬೇಕು. ಮಗುವನ್ನು ಊರಿಂದ ಊರಿಗೆ ಸಾಗಿಸುವಾಗ ಕೊಡಬಹುದಾದ ಸಿಪ್ಯಾಪ್ ಅದು. ಕರೆಂಟ್, ಬ್ಯಾಟರಿ, ಸಿಲಿಂಡರ್ ಗಾಳಿ, ಏನೂ ಇಲ್ಲದಿದ್ದರೆ ಕೈಯಿಂದ ಒತ್ತಿಯೂ ನಡೆಸುವ ಹಾಗೆ ಮಾಡಿದ್ದಾರೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ನಿತೇಶ್ ಕುಮಾರ್ ಜಾಂಗಿರ್ ಅವರಿಗೆ 2019ರಲ್ಲಿ ಕಾಮನ್‌ವೆಲ್ತ್ ಪ್ರಶಸ್ತಿ ಬಂತು. ನಮ್ಮ ಘಟಕದಲ್ಲಿ ಅದಿಲ್ಲ, ಆದ್ದರಿಂದ ಅಂಕ ಕೊಡುವುದಿಲ್ಲ. ಆದರೆ ಆ ಯೋಚನೆ ನೂರಕ್ಕೆ ನೂರು ಸರಿ. ತಾಲ್ಲೂಕಿನಿಂದ ಜಿಲ್ಲೆಗೆ ಬರುವ ದಾರಿಯಲ್ಲೇ ಮಗು ಸುಸ್ತಾಗಿಬಿಡುತ್ತದೆ, ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ಈ ಸಾಧನ ಎಷ್ಟು ದೊಡ್ಡದು ಅಂತ ಅನುಮಾನ ಇರುವವರಿಗೆ ಒಂದು ವಿಷಯ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಗೆ ಐದೂವರೆ ವಾರ ಮೊದಲೇ ಒಂದು ಗಂಡು ಮಗು ಹುಟ್ಟಿತು, ತೂಕ 2 ಕೆಜಿ ಮೇಲೆ. ಇದೇ ಉಸಿರಾಟದ ತೊಂದರೆಯಿಂದ 39 ಗಂಟೆಗೆ ತೀರಿಕೊಂಡಿತು. ಅಂಥ ಅಪ್ಪನ ಕೈಯಲ್ಲೂ ಏನೂ ಮಾಡಲಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಡಾ. ಜಾರ್ಜ್ ಗ್ರೆಗರಿ ಮತ್ತು ಜೊತೆಗಾರರು ಈ ಒತ್ತಡದ ಚಿಕಿತ್ಸೆ ಕೊಟ್ಟು 20 ಮಕ್ಕಳಲ್ಲಿ 16 ಉಳಿದವು ಅಂತ ಬರೆದದ್ದು 1971ರಲ್ಲಿ. ಆಗ ಹೆಚ್ಚಾಗಿ ಗಂಟಲ ನಳಿಕೆಯಿಂದಲೇ ಕೊಟ್ಟಿದ್ದರು. ಮೂಗಿನ ಪ್ರಾಂಗ್ಸ್ 1973ರಲ್ಲಿ ಬಂತು. ಇವತ್ತು 34 ವಾರದ, 2 ಕೆಜಿ ಮಗು ನಮ್ಮ ಜಿಲ್ಲಾಸ್ಪತ್ರೆಗೆ ನರಳುತ್ತಾ ಬಂದರೆ ನಾವು ಧೈರ್ಯವಾಗಿ "ಹೆದರಬೇಡಿ ಅಮ್ಮಾ, ಸಿಪ್ಯಾಪ್ ಹಾಕ್ತೀವಿ" ಅನ್ನುತ್ತೇವೆ. ತಾಯಿ-ಮಗುವಿಗೆ ಉಚಿತ ಚಿಕಿತ್ಸೆ ಕೊಡುವ ಸರ್ಕಾರದ ಜೆಎಸ್‌ಎಸ್‌ಕೆ ಯೋಜನೆಯ ಅಡಿ ಆ ಚಿಕಿತ್ಸೆಗೆ ಅವರು ಹಣ ಕೊಡಬೇಕಾಗಿಯೂ ಇಲ್ಲ.

ಎಲ್ಲ ಮಗುವಿಗೂ ಸಾಕಾಗುತ್ತದೆ ಅಂತ ನಾನು ಹೇಳುತ್ತಿಲ್ಲ. 2008ರಲ್ಲಿ ಬಂದ ಕಾಯಿನ್ ಅಧ್ಯಯನದಲ್ಲಿ 25ರಿಂದ 28 ವಾರದ ಮಕ್ಕಳಿಗೆ ಹುಟ್ಟಿದ ಕೂಡಲೇ ಸಿಪ್ಯಾಪ್ ಕೊಟ್ಟಾಗ, ಅರ್ಧಕ್ಕಿಂತ ಸ್ವಲ್ಪ ಕಡಿಮೆ, 46 ಪರ್ಸೆಂಟ್ ಮಕ್ಕಳಿಗೆ ಮೊದಲ ಐದು ದಿನದೊಳಗೆ ನಳಿಕೆ ಬೇಕಾಯಿತು. ಅದನ್ನು ತಿರುಗಿಸಿ ನೋಡಿ: ಅಷ್ಟು ಚಿಕ್ಕ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಬೇಕಾಗಲಿಲ್ಲ. ಅದರಲ್ಲೇ ಒಂದು ಎಚ್ಚರಿಕೆಯೂ ಇದೆ. 8 ಸೆಂಟಿಮೀಟರ್ ಒತ್ತಡ ಇಟ್ಟಿದ್ದರು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬುವ ನ್ಯೂಮೋಥೊರಾಕ್ಸ್ 9 ಪರ್ಸೆಂಟ್ ಮಕ್ಕಳಿಗೆ ಆಯಿತು, ಮೊದಲೇ ನಳಿಕೆ ಹಾಕಿದ ಇನ್ನೊಂದು ಗುಂಪಿನಲ್ಲಿ 3 ಪರ್ಸೆಂಟ್. ಆದ್ದರಿಂದ ಸುಧಾರಿಸುತ್ತಿಲ್ಲ ಅಂತ ಒತ್ತಡ ಏರಿಸುತ್ತಾ ಕೂರುವುದಲ್ಲ. ಆಕ್ಸಿಜನ್ ಬೇಡಿಕೆ 30 ಪರ್ಸೆಂಟ್ ದಾಟಿ ಏರುತ್ತಿದ್ದರೆ, ಮಗು ಮತ್ತೆ ಮತ್ತೆ ಉಸಿರು ನಿಲ್ಲಿಸುತ್ತಿದ್ದರೆ, ಸರ್ಫ್ಯಾಕ್ಟಂಟ್ ಕೊಡುವ, ವೆಂಟಿಲೇಟರ್ ಇರುವ ಕಡೆಗೆ ಬೇಗ ಕಳಿಸಬೇಕು. ಆ ವ್ಯವಸ್ಥೆ ಮಾಡಿಕೊಳ್ಳದ ಕಡೆ ಬರೀ ಸಿಪ್ಯಾಪ್ ಇಟ್ಟುಕೊಂಡರೆ ಮಗುವಿಗೆ ಅಪಾಯ. ಹೆರಿಗೆಗೆ ಮೊದಲೇ ಅಮ್ಮನಿಗೆ, ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಬಿದ್ದಿದ್ದರೆ ಸಿಪ್ಯಾಪ್ ಗೆಲ್ಲುವ ಸಾಧ್ಯತೆ ಎಷ್ಟೋ ಜಾಸ್ತಿ. ದಿನ ತುಂಬುವ ಮೊದಲೇ ನೋವು ಬಂದರೆ ಮನೆಯಲ್ಲಿ ಕಾಯಬೇಡಿ ಅಂತ ನಾವು ಬಡಕೊಳ್ಳುವುದು ಇದಕ್ಕೇ.

ಮನೆಯವರಿಗೆ ಒಂದೆರಡು ಮಾತು. ಮೂಗಿಗೆ ಪೈಪು, ತಲೆಗೆ ಟೋಪಿ, ಪಕ್ಕದಲ್ಲಿ ಗುಳುಗುಳು ಬಾಟಲಿ ನೋಡಿ, "ಕೃತಕ ಉಸಿರಾಟಕ್ಕೆ ಹಾಕಿಬಿಟ್ರಲ್ಲಾ" ಅಂತ ಅಜ್ಜಿಯರು ಅಳುತ್ತಾರೆ. ಹಾಗಲ್ಲ, ನಿಮ್ಮ ಮೊಮ್ಮಗು ತಾನೇ ಉಸಿರಾಡುತ್ತಿದೆ. ಮಗು ಸ್ವಲ್ಪ ಸ್ಥಿರವಾದ ಮೇಲೆ ಸಿಪ್ಯಾಪ್ ಇರುವಾಗಲೇ ಅಮ್ಮ ಎದೆಗೆ ಅಪ್ಪಿಕೊಂಡು ಕಾಂಗರೂ ಆರೈಕೆ ಕೊಡಬಹುದು, ಪೈಪುಗಳನ್ನು ನಾವು ಸರಿಮಾಡಿ ಕೊಡುತ್ತೇವೆ. ಹಾಲು ಹಿಂಡಿ ಕೊಡಿ, ಒಂದು ಎಂಎಲ್ ಆದರೂ ಸರಿ, ಟ್ಯೂಬ್‌ನಲ್ಲಿ ಕೊಡುತ್ತೇವೆ. ಮೂಗು ಕೆಂಪಾಗಿದೆ ಅನ್ನಿಸಿದರೆ ಸುಮ್ನೆ ಇರಬೇಡಿ, ಸಿಸ್ಟರ್ ಕರೆದು ತೋರಿಸಿ. ನೀವು ಕೇಳಿದ್ದಕ್ಕೆ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಗೆ ಕೊಳ್ಳುವವರಿಗೆ. ಕೊಟೇಶನ್ ತರಿಸುವಾಗ ಮೆಷಿನ್ ಬೆಲೆ ಬೇರೆ, ವರ್ಷಕ್ಕೆ ಬೇಕಾಗುವ ಪ್ರಾಂಗ್ಸ್, ಮಾಸ್ಕ್, ಟೋಪಿ, ಪೈಪುಗಳ ಬೆಲೆ ಬೇರೆ ಬರೆಸಿ. ಒಂದು ಸಲ ಬಳಸುವುದಾ, ತೊಳೆದು ಮತ್ತೆ ಬಳಸಬಹುದಾ ಅಂತ ಲಿಖಿತವಾಗಿ ಕೇಳಿ. ಬೇರೆ ಕಂಪನಿಯ ಪ್ರಾಂಗ್ಸ್ ಕೂರುತ್ತದೆಯಾ ಅಂತ ಕಣ್ಣೆದುರೇ ಜೋಡಿಸಿ ತೋರಿಸಲು ಹೇಳಿ. ತರಬೇತಿ ಡಾಕ್ಟರಿಗೆ ಮಾತ್ರ ಸಾಲದು, ರಾತ್ರಿ ಪಾಳಿಯ ಸಿಸ್ಟರ್‌ಗಳಿಗೂ ಕೊಡಿಸಿ. ಡೆಮೊ ದಿನ ಪಲ್ಸ್ ಆಕ್ಸಿಮೀಟರ್ ಜೊತೆಗಿದೆಯಾ ನೋಡಿ. ಅದಕ್ಕೂ ಮುಂಚೆ, "ನಿಮ್ಮ ಅತಿ ಸಣ್ಣ ಅಳತೆಯ ಪ್ರಾಂಗ್ಸ್ ಎಲ್ಲಿ, ತೋರಿಸಿ" ಅನ್ನಿ. ಈಗ ಸ್ಟಾಕ್ ಇಲ್ಲ ಮೇಡಂ, ಆಮೇಲೆ ಕಳಿಸ್ತೀವಿ ಅಂದರೆ ಬೇರೆ ಕಂಪನಿಯವರನ್ನು ಕರೆಸಿ.